ವಿಷಲ್ ಅಜ್ಜನ ಸನ್ಮಾನ

ಮನುಷ್ಯನನ್ನು ಕಟ್ಟಿಹಾಕಲು ಹಗ್ಗವೇ ಬೇಕೆಂದು ಯಾರು ಹೇಳಿದರು? ಒಂದು ಶಾಲು, ಒಂದು ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿ ಇದ್ದರೆ ಸಾಕು. ನಂಬದವರು ಶಿವಮೊಗ್ಗದಲ್ಲಿ ಭದ್ರಾವತಿ ಬಸ್ಸು ಹತ್ತಿ, ಮಲವಗೊಪ್ಪ ದಾಟಿದ ಮೇಲೆ ಸಿಗುವ ಸರ್ಕಾರಿ ಶಾಲೆಯ ಎದುರು ಇಳಿದು ಪರಮೇಶ್ವರಪ್ಪನವರನ್ನು ಕೇಳಬಹುದಿತ್ತು. ಬೆಳಿಗ್ಗೆ ಒಂಬತ್ತರಿಂದ ಹತ್ತು, ಸಂಜೆ ನಾಲ್ಕರಿಂದ ಐದು, ಮೊನ್ನೆ ಮೊನ್ನೆಯವರೆಗೂ ಅವರು ಆ ರಸ್ತೆಯಲ್ಲೇ ಸಿಗುತ್ತಿದ್ದರು. ಬೇರೆಲ್ಲಿಗೂ ಹೋಗುವ ಹಾಗಿರಲಿಲ್ಲ, ಪಾಪ.

ಅವರು ಕಾಗದನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗೇಟು ಕಾದವರು. ಬಿದಿರು, ನೀಲಗಿರಿ ತುಂಬಿದ ಲಾರಿಗಳು ಗೇಟಿನಾಚೆ ಸಾಲುಗಟ್ಟಿ ನಿಂತಿರುತ್ತಿದ್ದವು. ಕೆಂಪು ಬಾವುಟ ಎತ್ತಿದರೆ ನಿಲ್ಲು, ವಿಷಲ್ ಊದಿದರೆ ಬಾ. ಡ್ರೈವರುಗಳಲ್ಲಿ ತಮಿಳರಿದ್ದರು, ತೆಲುಗರಿದ್ದರು, ಕುಡಿದು ಬಂದವರೂ ಇದ್ದರು. ಬಾವುಟ, ವಿಷಲಿನ ಭಾಷೆ ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ಕಾರ್ಖಾನೆ ನಿಂತಿತು, ಕ್ವಾರ್ಟರ್ಸ್ ಬಿಡಬೇಕಾಯಿತು. ಹೆಂಡತಿ ಕಾಶಮ್ಮನ ಜೊತೆ ಈ ಹೆದ್ದಾರಿಯ ಪಕ್ಕ, ಶಾಲೆಯ ಎದುರು ಬದಿಗೆ, ಎರಡು ಕೋಣೆಯ ಮನೆ ಕಟ್ಟಿಕೊಂಡು ಬಂದರು. ಮಗಳು ಸೌಂದರ್ಯಳನ್ನು ಶಿವಮೊಗ್ಗಕ್ಕೆ ಕೊಟ್ಟಾಗಿತ್ತು. ಇನ್ನೇನು, ಬೆಳಿಗ್ಗೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಜಗಲಿ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಜಗಲಿಯಲ್ಲಿ ಪೇಪರು ಓದುತ್ತಿದ್ದಾಗ, ರಸ್ತೆ ದಾಟುತ್ತಿದ್ದ ಒಂದು ಹುಡುಗಿಯ ಚಪ್ಪಲಿ ನಡುರಸ್ತೆಯಲ್ಲಿ ಕಳಚಿತು. ಆ ಬದಿ ಮುಟ್ಟಿದ್ದ ಮಗು ಚಪ್ಪಲಿಗಾಗಿ ಮತ್ತೆ ತಿರುಗಿ ಓಡಿ ಬಂತು. ಹೊಸ ಚಪ್ಪಲಿ, ಬಿಟ್ಟು ಹೋದರೆ ಮನೆಯಲ್ಲಿ ಬೈಯ್ಯುವುದಿಲ್ಲವೇ? ಜಲ್ಲಿ ತುಂಬಿದ ಲಾರಿಯೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಪರಮೇಶ್ವರಪ್ಪನವರು ಬನಿಯನ್, ಲುಂಗಿಯಲ್ಲೇ ಓಡಿದರು, ಕೈ ಎತ್ತಿ ಕೂಗಿದರು. ಮೂವತ್ತು ವರ್ಷ ಲಾರಿ ನಿಲ್ಲಿಸಿದ ಕೈ ಅದು. ಲಾರಿ ನಿಂತಿತು. ಮಗು ಚಪ್ಪಲಿ ಮೆಟ್ಟಿಕೊಂಡು, ಏನೂ ಆಗಿಲ್ಲವೆಂಬಂತೆ ಶಾಲೆಗೆ ಹೋಯಿತು. ಇವರು ಮಾತ್ರ ಜಗಲಿಗೆ ಬಂದು ಅರ್ಧ ಗಂಟೆ ಪೇಪರನ್ನು ತಲೆಕೆಳಗಾಗಿ ಹಿಡಿದು ಕುಳಿತರು.

ಮಾರನೆಯ ದಿನ ಟ್ರಂಕಿನ ಅಡಿಯಿಂದ ಹಳೆಯ ವಿಷಲ್ ಹೊರಬಂತು. ಮರದ ಲಾರಿಯ ಹಿಂದಕ್ಕೆ ಕಟ್ಟುವಂಥ ಕೆಂಪು ಬಟ್ಟೆಯೊಂದನ್ನು ಕೋಲಿಗೆ ಕಟ್ಟಿದರು. ಬಾವುಟ ವಾಹನಗಳಿಗೆ, ವಿಷಲ್ ಮಕ್ಕಳಿಗೆ. ಎರಡೂ ಕಡೆಯ ವಾಹನ ನಿಂತ ಮೇಲೆ ವಿಷಲ್ ಊದುತ್ತಿದ್ದರು. ವಿಷಲ್ ಕೇಳಿತೋ, ಮಕ್ಕಳು ಬರಬೇಕು. ಒಂದು ವಾರದಲ್ಲಿ ಅವರು ವಿಷಲ್ ಅಜ್ಜ ಆಗಿಬಿಟ್ಟರು.

"ಊರ ಉಸಾಬರಿ ನಿಮಗ್ಯಾಕ್ರೀ?" ಎಂದು ಕಾಶಮ್ಮ ಅವತ್ತೇ ಕೇಳಿದ್ದಳು.

"ಒಂದ್ ನಾಲ್ಕ್ ದಿನ ಮಾರಾಯ್ತಿ. ಆಮೇಲೆ ಯಾರಾದ್ರೂ ನೋಡ್ಕೊತಾರೆ."

ಯಾರಾದರೂ ಎಂಬ ಮನುಷ್ಯ ನಮ್ಮ ಊರುಗಳಲ್ಲಿ ಯಾವತ್ತು ಬಂದಿದ್ದಾನೆ? ಬದಲಿಗೆ ಇನ್ನೊಂದೇ ಆಯಿತು. ಮೊದಲು ತಾಯಂದಿರು ಬೈದುಕೊಂಡೋ ಎಳೆದುಕೊಂಡೋ ಮಕ್ಕಳ ಕೈಹಿಡಿದು ತಾವೇ ದಾಟಿಸುತ್ತಿದ್ದರು. ಈಗ ಇತ್ತ ಬದಿಯಲ್ಲೇ ಮಗುವನ್ನು ಬಿಟ್ಟು, "ಅಜ್ಜ ಇದಾರೆ, ಹೋಗು" ಎಂದು ಕೆಲಸಕ್ಕೆ ಹೋಗುವ ಬಸ್ಸು ಹತ್ತತೊಡಗಿದರು. ಮಕ್ಕಳೂ ರಸ್ತೆಯ ಕಡೆ ನೋಡುವುದನ್ನೇ ಮರೆತವು. ವಿಷಲಿಗೆ ಕಿವಿ ಕೊಟ್ಟರೆ ಮುಗಿಯಿತು. ಒಂದು ಸಲ ಪರಮೇಶ್ವರಪ್ಪನವರು ಶಿಕಾರಿಪುರಕ್ಕೆ ಮದುವೆಗೆ ಹೋಗಿದ್ದರು. ಅವತ್ತು ಯಾವನೋ ತುಂಟ ಬಾಯಲ್ಲೇ ಸೀಟಿ ಹೊಡೆದ. ಹದಿನೈದು ಮಕ್ಕಳು ಎಡ ಬಲ ನೋಡದೆ ರಸ್ತೆಗೆ ನುಗ್ಗಿದವು. ಒಂದು ಬೈಕು ಒಬ್ಬನ ಬ್ಯಾಗು ಸವರಿಕೊಂಡು ಹೋಯಿತು. ಸುದ್ದಿ ಕೇಳಿದ ಮೇಲೆ ಅವರು ಮದುವೆ ಮುಂಜಿ ಎಲ್ಲ ಬಿಟ್ಟರು. ತಂಗಿಯ ಮಗನ ಗೃಹಪ್ರವೇಶಕ್ಕೂ ಕಾಶಮ್ಮ ಒಬ್ಬಳೇ ಹೋಗಿಬಂದಳು.

ಹಾಗಂತ ಅವರು ಬಿಡಿಸಿಕೊಳ್ಳುವ ಯತ್ನ ಮಾಡಲಿಲ್ಲ ಎನ್ನಬೇಡಿ. ಮುಖ್ಯೋಪಾಧ್ಯಾಯಿನಿ ಸುಭದ್ರಮ್ಮನವರು, ಶಾಲಾ ಸಮಿತಿಯ ಅಧ್ಯಕ್ಷ ದೇವರಾಜ್, ಇವರು, ಮೂವರೂ ಸೇರಿ ರಸ್ತೆ ನೋಡಿಕೊಳ್ಳುವ ಕಚೇರಿಗೆ ಅರ್ಜಿ ಹಿಡಿದು ಹೋದರು. ಕೇಳಿದ್ದು ದೊಡ್ಡದೇನಲ್ಲ. ವಾಹನ ನಿಧಾನ ಮಾಡಲು ಬ್ಯಾರಿಕೇಡು, ದಾಟಲು ಬಿಳಿಪಟ್ಟೆ, ಒಂದು ಸಿಗ್ನಲ್ ದೀಪ. ಎಂಜಿನಿಯರ್ ಸಾಹೇಬರು ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿದರು.

"ಆ ಜಾಗದಲ್ಲಿ ಎಷ್ಟು ಅಪಘಾತ ಆಗಿದೆ?"

"ದೇವರ ದಯೆ, ಒಂದೂ ಆಗಿಲ್ಲ ಸಾರ್" ಎಂದರು ಪರಮೇಶ್ವರಪ್ಪನವರು, ಹೆಮ್ಮೆಯಿಂದಲೇ.

"ಅಲ್ಲೇ ಇರೋದು ತೊಂದರೆ ಯಜಮಾನ್ರೇ. ಅಪಘಾತ ಆದ ಜಾಗಗಳ ಪಟ್ಟಿನೇ ಇಷ್ಟುದ್ದ ಇದೆ. ಸೊನ್ನೆ ಇರೋ ಜಾಗಕ್ಕೆ ಏನಂತ ಬರೆದು ಮೇಲಕ್ಕೆ ಕಳಿಸ್ಲಿ?"

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಗಾದೆ ಮಾತು ಅಂದುಕೊಂಡಿದ್ದೆವು, ಅದು ಸರ್ಕಾರದ ನಿಯಮ ಎಂದು ತಿಳಿದಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಪರಮೇಶ್ವರಪ್ಪನವರು ಲೆಕ್ಕ ಹಾಕಿದರು. ತಾನು ನಿಂತಷ್ಟು ದಿನ ಅಪಘಾತವಾಗುವುದಿಲ್ಲ. ಅಪಘಾತವಾಗದಷ್ಟು ದಿನ ಸಿಗ್ನಲ್ ಬರುವುದಿಲ್ಲ. ಸಿಗ್ನಲ್ ಬರದಷ್ಟು ದಿನ ತಾನು ನಿಲ್ಲಬೇಕು. ಈ ಲೆಕ್ಕದಿಂದ ಹೊರಬರಲು ಇದ್ದದ್ದು ಒಂದೇ ದಾರಿ, ಅದು ಯಾವ ಮಗುವಿಗೂ ಬರಬಾರದು.

ಇಷ್ಟರ ಮೇಲೆ ಕಣ್ಣು ಕೈಕೊಟ್ಟಿತು. ಕಳೆದ ದಸರೆಯ ಹೊತ್ತಿಗೆ ಎಡಗಣ್ಣಿನ ಮುಂದೆ ಹಾಲು ಚೆಲ್ಲಿದ ಹಾಗಾಯಿತು. ಬಲಗಣ್ಣಿನಲ್ಲಿ ಹತ್ತು ಮಾರಿನಾಚೆ ಬರುತ್ತಿರುವುದು ಕಾರೋ ಕತ್ತೆಯೋ ಗೊತ್ತಾಗುತ್ತಿರಲಿಲ್ಲ. ಸೌಂದರ್ಯ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದಳು. ಪೊರೆ ಪೂರ್ತಿ ಹಣ್ಣಾಗಿದೆ, ಒಂದಾದ ಮೇಲೆ ಒಂದು ಎರಡೂ ಕಣ್ಣಿಗೆ ಆಪರೇಷನ್ ಆಗಬೇಕು, ಎರಡು ತಿಂಗಳು ಧೂಳು ಬಿಸಿಲು ತಾಗಬಾರದು ಎಂದರು. ಹೆದ್ದಾರಿಯ ನಡುವೆ ನಿಲ್ಲುವವನಿಗೆ ಧೂಳು ಬಿಸಿಲು ಬೇಡ ಎಂದರೆ ಹೇಗೆ? ತಾರೀಕು ಕೊಟ್ಟರು. ಇವರು ಮುಂದಕ್ಕೆ ಹಾಕಿದರು. ಮತ್ತೆ ಕೊಟ್ಟರು. ಮತ್ತೆ ಮುಂದಕ್ಕೆ ಹಾಕಿದರು. ಹೊರಗೆ ಯಾರಿಗೂ ಹೇಳಲಿಲ್ಲ. ಕಣ್ಣು ಹೋದರೆ ಕಿವಿ ಇದೆಯಲ್ಲ, ಲಾರಿಯ ಗುಡುಗು, ಬಸ್ಸಿನ ಗೊರಗೊರ, ಬೈಕಿನ ಪಟಪಟ ಎಲ್ಲ ಮೂವತ್ತು ವರ್ಷದಿಂದ ಕೇಳಿದ್ದೇ. ಹಾಗೆಂದು ತಮಗೆ ತಾವೇ ಧೈರ್ಯ ಹೇಳಿಕೊಂಡರು. ಆದರೆ ಪ್ರತಿ ಸಲ ವಿಷಲ್ ಬಾಯಿಗಿಡುವ ಮೊದಲು ಎರಡೆರಡು ಸಲ ಕಿವಿಗೊಟ್ಟು ಕೇಳುತ್ತಿದ್ದರು.

ರಾಜ್ಯೋತ್ಸವದ ದಿನ ಎಲ್ಲ ಹೇಳಿ ಕೈಮುಗಿಯುವುದು ಎಂದು ತೀರ್ಮಾನಿಸಿದ್ದರು. ಆದರೆ ದೇವರಾಜ್ ಬೇರೆ ತೀರ್ಮಾನ ಮಾಡಿಕೊಂಡಿದ್ದ. ಶಾಮಿಯಾನ, ಮೈಕು, ಕಟೌಟಿನಲ್ಲಿ ಪರಮೇಶ್ವರಪ್ಪನವರ ಫೋಟೋ! ಮುಖ್ಯ ಅತಿಥಿ ಯಾರೆಂದರೆ ಅದೇ ಎಂಜಿನಿಯರ್ ಸಾಹೇಬರು. ಅವರನ್ನು ಕರೆದು ಸನ್ಮಾನ ತೋರಿಸಿದರೆ ಮನಸ್ಸು ಕರಗಿ ಸಿಗ್ನಲ್ ಕೊಡುತ್ತಾರೆ ಎಂದು ದೇವರಾಜನ ಉಪಾಯ. ಸುದರ್ಶನ ಮೇಷ್ಟ್ರು ತಾವೇ ಬರೆದ ಸನ್ಮಾನಪತ್ರವನ್ನು ಏರುದನಿಯಲ್ಲಿ ಓದಿದರು. "ಐದು ವರ್ಷಗಳಲ್ಲಿ ಒಂದೇ ಒಂದು ಅಪಘಾತವೂ ಸಂಭವಿಸದಂತೆ, ಹದ್ದಿನ ಕಣ್ಣಿನಿಂದ ನಮ್ಮ ಮಕ್ಕಳನ್ನು ಕಾಯ್ದ ಮಹನೀಯರೇ!"

ಹದ್ದಿನ ಕಣ್ಣು! ಪೇಟದ ಕೆಳಗೆ ಕುಳಿತಿದ್ದ ಮಹನೀಯರಿಗೆ ಓದುತ್ತಿದ್ದವರ ಮುಖವೇ ಕಾಣುತ್ತಿರಲಿಲ್ಲ.

"ಎರಡು ಮಾತಾಡಿ ಸಾರ್" ಎಂದು ಮೈಕು ಕೈಗೆ ಕೊಟ್ಟರು. ಎದ್ದು ನಿಂತರು. ಇನ್ನೂರು ಮಕ್ಕಳು ಚಪ್ಪಾಳೆ ತಟ್ಟಿದವು, ಹಿಂದೆ ನಿಂತ ತಾಯಂದಿರು ತಟ್ಟಿದರು, ತಟ್ಟುತ್ತಲೇ ಇದ್ದರು. ನಮ್ಮಲ್ಲಿ ಸನ್ಮಾನ ಮಾಡಿಸಿಕೊಂಡವರು ಆಡುವ ಮಾತು ಒಂದೇ ಅಲ್ಲವೇ? ಹೇಳಬೇಕೆಂದಿದ್ದನ್ನು ಬಿಟ್ಟು ಆ ಒಂದು ಮಾತೇ ತಾನಾಗಿ ಬಾಯಿಗೆ ಬಂತು.

"ನನ್ನ ಉಸಿರಿರೋವರೆಗೂ ಈ ಸೇವೆ ಮಾಡ್ತೀನಿ."

ಮನೆಗೆ ಬಂದ ಮೇಲೆ ಕಾಶಮ್ಮ ಶಾಲನ್ನು ಮಡಿಚಿ ಟ್ರಂಕಿನ ಮೇಲೆ ಎಸೆದಳು. "ಉಸಿರಿರೋವರೆಗೂ ಅಂತೆ! ಕಣ್ಣಿರೋವರೆಗೂ ಅನ್ಬೇಕಿತ್ತು. ಬಾಯಿ ಬಿದ್ದು ಹೋಗಿತ್ತಾ ನಿಮ್ದು?"

ಅವರು ಬುಟ್ಟಿಯಿಂದ ಒಂದು ಸೇಬು ತೆಗೆದು ಅದರ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯುತ್ತ ಕುಳಿತರು.

ಸಿಗ್ನಲ್ ಕಥೆಯೂ ಅಲ್ಲಿಗೇ ಮುಗಿಯಿತು. ಸಂಕ್ರಾಂತಿ ಕಳೆದು ಮತ್ತೆ ಕಚೇರಿಗೆ ಹೋದಾಗ ಸಾಹೇಬರು ಫೈಲು ಬಿಚ್ಚಿ ತೋರಿಸಿದರು. ಅರ್ಜಿಯ ಹಿಂದೆಯೇ ಸುದರ್ಶನ ಮೇಷ್ಟ್ರ ಸನ್ಮಾನಪತ್ರದ ಪ್ರತಿ. ಅತಿಥಿಗಳಿಗೂ ಒಂದು ಕೊಟ್ಟಿದ್ದರಲ್ಲ, ಅದೇ.

"ಒಂದೂ ಅಪಘಾತ ಇಲ್ಲ ಅಂತ ನೀವೇ ಬರೆದಿದ್ದೀರಿ, ಅಧ್ಯಕ್ಷರ ಸೀಲ್ ಬೇರೆ ಇದೆ. ಉಸಿರಿರೋವರೆಗೂ ನಿಲ್ತೀನಿ ಅಂತ ಮೈಕಲ್ಲಿ ಹೇಳಿದ್ದನ್ನ ನಾನೇ ಕೇಳಿದೀನಿ. ನಿಮ್ಮಂಥೋರು ಇರೋವಾಗ ಅಲ್ಲಿಗೆ ಸಿಗ್ನಲ್ ಯಾಕೆ ಯಜಮಾನ್ರೇ?"

ಅವರು ಹೊಗಳಿಯೇ ಹೇಳಿದ್ದು. ದೇವರಾಜ್ ಕೂಡ ಹಿಗ್ಗಿ ತಲೆ ಅಲ್ಲಾಡಿಸಿದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ ಇರಬೇಕು.

ಆಮೇಲೆ ಒಂದು ವಾರಕ್ಕೆ ಅದು ನಡೆಯಿತು. ಎರಡನೇ ಕ್ಲಾಸಿನ ಮಧು ಎಂಬ ಹುಡುಗಿಗೆ ಅಜ್ಜನ ಅಂಗಿಯ ತುದಿ ಹಿಡಿದೇ ದಾಟುವ ಅಭ್ಯಾಸ. ಅವಳಮ್ಮ ಪುಷ್ಪಾ ಶಿವಮೊಗ್ಗದ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುವವಳು. ಅವತ್ತು ಬೆಳಿಗ್ಗೆ ಪರಮೇಶ್ವರಪ್ಪನವರು ಕಿವಿಗೊಟ್ಟು ಕೇಳಿದರು. ಲಾರಿ ಇಲ್ಲ, ಬಸ್ಸಿಲ್ಲ, ಬೈಕಿಲ್ಲ. ಬಾವುಟ ಎತ್ತಿ, ವಿಷಲ್ ಊದಿ ರಸ್ತೆಗಿಳಿದರು. ಕೀಚ್ ಎಂದು ಬ್ರೇಕಿನ ಸದ್ದು ಮೊಣಕಾಲಿನ ಹತ್ತಿರವೇ ಕೇಳಿತು. ಬ್ಯಾಟರಿ ಕಾರು! ಅದಕ್ಕೆ ಸದ್ದೆಂಬುದೇ ಇಲ್ಲ. ಒಂದು ಗೇಣು ದೂರದಲ್ಲಿ ನಿಂತಿತ್ತು, ಮಧುವಿನ ಟಿಫಿನ್ ಬ್ಯಾಗು ಬಂಪರಿಗೆ ತಾಗಿತ್ತು.

ಕಾರಿನಿಂದ ಇಳಿದವನು ಇನ್ನೂ ಮೂವತ್ತರ ಹುಡುಗ, ಅವನೂ ಬೆವೆತಿದ್ದ. "ಏನ್ರೀ ಯಜಮಾನ್ರೇ, ನಾನು ಇಷ್ಟ್ ಹತ್ರ ಬಂದ್ಮೇಲೆ ಇಳೀತೀರಲ್ಲ! ಕಣ್ಣು ಕಾಣಲ್ವಾ?"

ಹೌದಪ್ಪಾ ಕಾಣಲ್ಲ, ಎಂದು ಹೇಳಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ಬಸ್ ಸ್ಟಾಪಿನಲ್ಲಿದ್ದ ಹೆಂಗಸರೆಲ್ಲ ಸುತ್ತುವರಿದಿದ್ದರು. ಎಲ್ಲರಿಗಿಂತ ಮುಂದೆ ಪುಷ್ಪಾ.

"ಯಾರಿಗೋ ಕಣ್ಣು ಕಾಣಲ್ಲ ಅಂತೀಯಾ? ಐದು ವರ್ಷದಿಂದ ನಮ್ಮ ಮಕ್ಕಳನ್ನ ಕಾಯ್ತಿರೋ ದೇವರು ಅವರು! ಕೆಂಪು ಬಾವುಟ ಕಾಣ್ಲಿಲ್ವಾ ನಿನಗೆ? ಕಾಲಿಗೆ ಬೀಳು ಮೊದಲು!"

ಆ ಹುಡುಗ ಬಿದ್ದ. ಏನೂ ತಪ್ಪು ಮಾಡದವನು, ಸಮಯಕ್ಕೆ ಬ್ರೇಕ್ ಹಾಕಿ ಮಗುವಿನ ಜೀವ ಉಳಿಸಿದವನು, ನಡುರಸ್ತೆಯಲ್ಲಿ ಬಗ್ಗಿ ಪರಮೇಶ್ವರಪ್ಪನವರ ಕಾಲು ಮುಟ್ಟಿದ. ಅವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಇರ್ಲಿ ಬಿಡಪ್ಪ, ಹೋಗು" ಎಂದಷ್ಟೇ ಅಂದರು. ಅಷ್ಟು ಸಣ್ಣ ಮನುಷ್ಯನಾಗಿ ತಾನು ಯಾವತ್ತೂ ನಿಂತಿರಲಿಲ್ಲ ಎಂದು ಮನೆಗೆ ಬಂದು ಅತ್ತರು.

ಅವತ್ತೇ ಮಧ್ಯಾಹ್ನ ಸುಭದ್ರಮ್ಮನವರ ಮುಂದೆ ಎಲ್ಲ ಬಿಚ್ಚಿ ಹೇಳಿದರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಜಮಾನ್ರೇ, ನೀವು ಬಿಟ್ರಿ ಅಂತ ಗೊತ್ತಾದ್ರೆ ನಾಳೆನೇ ಟಿಸಿ ಕೇಳ್ಕೊಂಡು ಬರ್ತಾರೆ. ಆ ಕಡೆ ಪ್ರೈವೇಟ್ ಸ್ಕೂಲಿನ ವ್ಯಾನು ಮನೆ ಬಾಗಿಲಿಗೇ ಬರುತ್ತೆ. ಮಕ್ಕಳು ಕಮ್ಮಿ ಆದ್ರೆ ಶಾಲೆ ಉಳಿಯಲ್ಲ. ಆಮೇಲೆ ಫೀಸ್ ಕಟ್ಟಕ್ಕಾಗದೇ ಇರೋ ಮಕ್ಕಳು ಎಲ್ಲಿಗೆ ಹೋಗ್ಬೇಕು?"

"ಯಾರಾದ್ರೂ ಮೇಷ್ಟ್ರು ನಿಲ್ಲಬಹುದಲ್ಲಮ್ಮ?"

"ಇರೋದೇ ಐದು ಜನ. ಹೆಚ್ಚು ಕಮ್ಮಿ ಆದ್ರೆ ಜವಾಬ್ದಾರಿ ಯಾರ ತಲೆ ಮೇಲೆ ಅಂತ ಎಲ್ಲರಿಗೂ ಭಯ." ಮೇಡಂ ದನಿ ತಗ್ಗಿಸಿದರು. "ಪರೀಕ್ಷೆ ಮುಗಿಯೋವರೆಗೆ, ಎರಡೇ ತಿಂಗಳು. ಮಕ್ಕಳು ಗುಂಪಾಗಿ ಬರೋ ಹಾಗೆ ನಾನು ನೋಡ್ಕೊತೀನಿ. ದಯವಿಟ್ಟು."

ಹೆಚ್ಚು ಕಮ್ಮಿ ಆದರೆ ಜವಾಬ್ದಾರಿ ಯಾರ ತಲೆ ಮೇಲೆ ಎಂಬುದನ್ನು ಐದು ವರ್ಷದಲ್ಲಿ ಪರಮೇಶ್ವರಪ್ಪನವರನ್ನು ಯಾರೂ ಕೇಳಿರಲಿಲ್ಲ. ಅವರು ತಮಗೆ ತಾವೇ ಕೇಳಿಕೊಂಡಿದ್ದು ಅವತ್ತೇ ಮೊದಲು. ಆದರೂ ಒಪ್ಪಿಕೊಂಡರು. ಒಪ್ಪದೆ ಏನು ಮಾಡುವುದು? ತಾನು ನಿಲ್ಲದಿದ್ದರೂ ಮಕ್ಕಳು ಯಾವುದೋ ಸೀಟಿ ಕೇಳಿ ರಸ್ತೆಗೆ ಓಡುವವೇ. ಕುರುಡನಾದರೂ ಒಬ್ಬ ಇರಲಿ ಎಂದುಕೊಂಡರು.

ಶಿವರಾತ್ರಿ ಹತ್ತಿರ ಬಂದಿತ್ತು. ಸಂಜೆ ನಾಲ್ಕೂವರೆಯ ಬಿಸಿಲು ಶಿವಮೊಗ್ಗದ ಕಡೆಯಿಂದ ನೇರ ಮುಖಕ್ಕೆ ಹೊಡೆಯುವ ಹೊತ್ತು. ಪೊರೆ ಬಂದ ಕಣ್ಣಿಗೆ ಬಿಸಿಲಿನಂಥ ಶತ್ರು ಇನ್ನೊಂದಿಲ್ಲ. ಗುಂಪು ಗುಂಪಾಗಿ ಮಕ್ಕಳನ್ನು ದಾಟಿಸಿಯಾಯಿತು. ಕಬಡ್ಡಿ ಆಡುತ್ತ ಉಳಿದ ಏಳೆಂಟು ಹುಡುಗರು ಮಾತ್ರ ಇನ್ನೂ ಶಾಲೆಯ ಗೇಟಿನ ಬಳಿ ಇದ್ದರು. ಇತ್ತ ಬಸ್ ಸ್ಟಾಪಿನಲ್ಲಿ, ಅವತ್ತು ಬೇಗ ಕೆಲಸ ಬಿಟ್ಟು ಬಂದಿದ್ದ ಪುಷ್ಪಾ ಮಗಳಿಗೆ ಕಾಯುತ್ತ ನಿಂತಿದ್ದಳು. ಯಾವಾಗಿನಂತೆ ಗುಂಪುಗಳು ಹೋದ ಮೇಲೆ ಮಧು, ಅಂಗಿಯ ತುದಿ ಹಿಡಿದು. ಅರ್ಧ ರಸ್ತೆ ಬಂದರು. ನಡುವಿನ ಗೆರೆಯ ಹತ್ತಿರ ವಾಹನ ನೋಡಲು ಶಿವಮೊಗ್ಗದ ಕಡೆ ತಿರುಗುವಷ್ಟರಲ್ಲಿ ಬಿಸಿಲು ಕಣ್ಣಿಗೆ ಬಡಿದು ಎಲ್ಲ ಬಿಳಿಯಾಯಿತು. ರಸ್ತೆ ಇಲ್ಲ, ಮನೆ ಇಲ್ಲ, ಕೈಯಲ್ಲಿದ್ದ ಬಾವುಟವೂ ಕಾಣಲಿಲ್ಲ.

ಹಿಂದಿನಿಂದ ಒಂದು ಲಾರಿ ಸರ್ರನೆ ಹೋಯಿತು. ಮುಂದೆ ಇನ್ನೇನೋ ಹೋಯಿತು. ಅಂಗಿಯ ತುದಿಯನ್ನು ಬಿಡಿಸಿ ಮಧುವಿನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

"ಅಜ್ಜ, ನಡಿ."

"ತಡಿ ಪುಟ್ಟಿ. ಏನಾದ್ರೂ ಬರ್ತಿದೆಯಾ ನೋಡು."

"ಒಂದ್ ಕಾರು ಬರ್ತಿದೆ. ದೂರ ಇದೆ."

"ದೂರ ಅಂದ್ರೆ ಎಷ್ಟು?"

"ಅಷ್ಟು" ಎಂದಳು ಮಧು. ಕೈಯಲ್ಲಿ ತೋರಿಸಿದಳೋ ಏನೋ, ಅವರಿಗೆ ಕಾಣಲಿಲ್ಲ.

ಏಳು ವರ್ಷದ ಮಗುವಿನ "ಅಷ್ಟು" ಎಷ್ಟು? ಕಾರು ಬಂತು, ಸದ್ದಿಲ್ಲದೆ ಬಂತು, ಬರೀ ಗಾಳಿ ಪಂಚೆಗೆ ಬಡಿದು ಹೋಯಿತು. ಕೈ ತಾನಾಗಿ ವಿಷಲನ್ನು ತುಟಿಗೆ ಒಯ್ದಿತ್ತು. ಊದಬೇಕು, ಯಾರಾದರೂ ನೋಡುತ್ತಾರೆ ಎನ್ನುವಷ್ಟರಲ್ಲಿ ಗೇಟಿನ ಬಳಿಯ ಹುಡುಗರ ನೆನಪಾಯಿತು. ಊದಿದರೆ ಅವರು ಬಂದುಬಿಡುತ್ತಾರೆ. ಎಡ ಬಲ ನೋಡದೆ ಓಡಿ ಬರುತ್ತಾರೆ. ಹಾಗೆ ಕಲಿಸಿದ್ದು ತಾನೇ.

ವಿಷಲನ್ನು ಬಾಯಿಂದ ತೆಗೆದರು. ಬೇರೆ ದಾರಿ ಉಳಿದಿರಲಿಲ್ಲ. ಮೈಕು ಕೈಗೆ ಕೊಟ್ಟಾಗ ಬಾರದಿದ್ದ ಮಾತು ನಡುರಸ್ತೆಯಲ್ಲಿ ಬಂತು.

"ನಂಗೆ ಕಣ್ಣು ಕಾಣ್ತಿಲ್ರವ್ವಾ! ಯಾರಾದ್ರೂ ಬಂದು ನಮ್ಮನ್ನ ದಾಟಿಸ್ರವ್ವಾ!"

ಬಸ್ ಸ್ಟಾಪಿನಲ್ಲಿದ್ದವರು ಮೊದಲು ತಮಾಷೆ ಎಂದುಕೊಂಡು ನಕ್ಕರು. ಎರಡನೇ ಸಲ ಕೂಗಿದಾಗ ನಗು ನಿಂತಿತು. ಪುಷ್ಪಾ ಚೀಲ ಬಿಸಾಕಿ, ಕೈ ಅಡ್ಡ ಹಿಡಿದು ಓಡಿ ಬಂದಳು. ಒಂದು ಕೈಯಲ್ಲಿ ಅಜ್ಜನ ರಟ್ಟೆ ಹಿಡಿದು, ಇನ್ನೊಂದನ್ನು ವಾಹನಗಳ ಕಡೆ ಚಾಚಿ ಇಬ್ಬರನ್ನೂ ದಾಟಿಸಿದಳು. ಕಾಶಮ್ಮ ಜಗಲಿಯಿಂದ ಇಳಿದು ಬರಿಗಾಲಲ್ಲಿ ಬಂದಿದ್ದಳು.

"ಏನಾಯ್ತು ಅಜ್ಜ? ತಲೆ ಸುತ್ತು ಬಂತಾ?"

"ಇಲ್ಲವ್ವಾ. ಪೊರೆ. ಎರಡೂ ಕಣ್ಣಿಗೆ."

"ಯಾವಾಗಿಂದ?"

ಸುಳ್ಳು ಹೇಳಬಹುದಿತ್ತು. ಇವತ್ತಿಂದ ಎಂದರೆ ಯಾರೂ ಅನುಮಾನಪಡುತ್ತಿರಲಿಲ್ಲ. ಸಾಕಾಗಿ ಹೋಗಿತ್ತು ಅವರಿಗೆ.

"ದಸರೆಯಿಂದ."

ಪುಷ್ಪಾ ಲೆಕ್ಕ ಹಾಕಿರಬೇಕು. ದಸರೆ, ದೀಪಾವಳಿ, ಸಂಕ್ರಾಂತಿ. ದಿನಕ್ಕೆ ಎರಡು ಸಲ. ಆ ಕಾರಿನ ಹುಡುಗನೂ ಅವಳ ನೆನಪಿಗೆ ಬಂದಿರಬೇಕು. ಪರಮೇಶ್ವರಪ್ಪನವರು ಬೈಗುಳಕ್ಕಾಗಿ ಕಾದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯ್ಯಲಿಲ್ಲ. ಬಗ್ಗಿ, ಇನ್ನೂ ಅಜ್ಜನನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿದ್ದ ಮಗಳ ಬೆರಳುಗಳನ್ನು ಒಂದೊಂದಾಗಿ ಅವರ ಕೈಯಿಂದ ಬಿಡಿಸಿಕೊಂಡಳು.